ಬೆನ್ನು ನೋವಿದ್ದವರಿಗೆ ಟೂರಿಂಗ್ ಸೈಕಲ್: ಅಳತೆಯಿಂದ ಮೊದಲ ಪ್ರವಾಸದವರೆಗೆ

ಬೆನ್ನು ನೋವಿದೆ ಅಂತ ಹೇಳಿಕೊಂಡು ಸೈಕಲ್ ಅಂಗಡಿಗೆ ಹೋದರೆ ಸಾಮಾನ್ಯವಾಗಿ ಒಂದೇ ಬಗೆಯ ಸೈಕಲ್ ತೋರಿಸುತ್ತಾರೆ. ದಪ್ಪ ಜೆಲ್ ಸೀಟು, ಮುಂದಿನ ಚಕ್ರಕ್ಕೆ ಶಾಕ್ ಅಬ್ಸಾರ್ಬರ್, ಎದೆಮಟ್ಟಕ್ಕೆ ಎತ್ತಿದ ಹ್ಯಾಂಡಲ್. ಅಂಗಡಿ ಮುಂದೆ ಒಂದು ಸುತ್ತು ಹಾಕಿದರೆ ಹಾಯಾಗಿಯೇ ಇರುತ್ತದೆ. ಆದರೆ ಟೂರಿಂಗ್ ಅಂದರೆ ದಿನಕ್ಕೆ ನಾಲ್ಕೈದು ಗಂಟೆ ತುಳಿಯಬೇಕು, ಸಾಮಾನು ಹೊರಬೇಕು, ಮರುದಿನ ಮತ್ತೆ ಅದೇ ಸೀಟಿನ ಮೇಲೆ ಕೂರಬೇಕು. ಅಂಥ ಸವಾರಿಯಲ್ಲಿ ಆ ಮೂರು ವಸ್ತುಗಳಿಂದ ಹೆಚ್ಚು ಉಪಯೋಗವಿಲ್ಲ. ಕೆಲವು ಸಲ ನೋವು ತರುವುದೇ ಅವು.

ದೂರದ ಸವಾರಿಯಲ್ಲಿ ಬೆನ್ನನ್ನು ಕಾಯುವುದು ಮುಖ್ಯವಾಗಿ ಎರಡು ವಿಷಯ. ಸೈಕಲ್ಲಿನ ಅಳತೆ ನಿಮ್ಮ ಮೈಗೆ ಹೊಂದಬೇಕು. ಓಡಿಸುತ್ತಲೇ ಭಂಗಿ ಬದಲಿಸಲು ಬರಬೇಕು. ಸೈಕಲ್ ಆರಿಸುವಾಗ ಎದುರಾಗುವ ಪ್ರತಿ ಪ್ರಶ್ನೆಯನ್ನೂ ಈ ಎರಡಕ್ಕೆ ಒರೆಹಚ್ಚಿ ನೋಡಿ. ಬೇಡದ ಖರ್ಚು ತಾನಾಗಿ ಉಳಿಯುತ್ತದೆ.

ಮೊದಲ ಹೆಜ್ಜೆ: ನಿಮ್ಮ ಬೆನ್ನಿಗೆ ಯಾವುದು ಆಗಿಬರುವುದಿಲ್ಲ?

"ಸೊಂಟ ನೋವು" ಅನ್ನುವುದು ಒಂದೇ ಕಾಯಿಲೆ ಅಲ್ಲ. ಸೈಕಲ್ ಆರಿಸುವ ದೃಷ್ಟಿಯಿಂದ ಇದನ್ನು ಎರಡು ದೊಡ್ಡ ಗುಂಪು ಮಾಡಬಹುದು.

ಮೊದಲನೆಯದು, ಬಗ್ಗಿದರೆ ನೋವು ಹೆಚ್ಚಾಗುವವರು. ಜಾಸ್ತಿ ಹೊತ್ತು ಕೂತರೆ, ಷೂ ಲೇಸ್ ಕಟ್ಟಲು ಬಗ್ಗಿದರೆ ನೋವು ಬರುತ್ತದೆ. ಎದ್ದು ಓಡಾಡಿದರೆ ಕಡಿಮೆಯಾಗುತ್ತದೆ. ಬೆನ್ನಿನ ಮಣಿಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್ ಉಬ್ಬಿದವರಲ್ಲಿ, ಅದರಲ್ಲೂ ಸೊಂಟದ ಕೆಳಭಾಗದ ಎಲ್4-ಎಲ್5, ಎಲ್5-ಎಸ್1 ಮಟ್ಟದ ತೊಂದರೆ ಇರುವವರಲ್ಲಿ ಇದು ಸಾಮಾನ್ಯ. ಇವರಿಗೆ ಹ್ಯಾಂಡಲ್ ತೀರಾ ಕೆಳಗಿರುವ ರೇಸಿಂಗ್ ಸೈಕಲ್ ಆಗುವುದಿಲ್ಲ.

ಎರಡನೆಯದು, ನಿಂತರೆ, ನಡೆದರೆ, ಹಿಂದಕ್ಕೆ ಬಾಗಿದರೆ ನೋವು ಬರುವವರು. ಕೂತರೆ ಅಥವಾ ಮುಂದಕ್ಕೆ ಬಗ್ಗಿದರೆ ಹಾಯೆನಿಸುತ್ತದೆ. ನರ ಹಾದುಹೋಗುವ ಜಾಗ ಕಿರಿದಾಗುವ ಸ್ಪೈನಲ್ ಸ್ಟೆನೋಸಿಸ್ ಇರುವ ಹಿರಿಯರಲ್ಲಿ ಇದು ಜಾಸ್ತಿ. ಇಂಥವರಲ್ಲಿ ಅನೇಕರಿಗೆ ಅರ್ಧ ಕಿಲೋಮೀಟರ್ ನಡೆಯುವುದು ಕಷ್ಟ, ಆದರೆ ಸೈಕಲ್ ಮೇಲೆ ಹತ್ತು ಕಿಲೋಮೀಟರ್ ಸಲೀಸು. ಮುಂದಕ್ಕೆ ಬಗ್ಗಿದಾಗ ನರದ ದಾರಿ ಸ್ವಲ್ಪ ಅಗಲವಾಗುವುದೇ ಕಾರಣ. ನಡೆದರೆ ಬರುವ ಕಾಲು ನೋವಿಗೆ ಕಾರಣ ನರವೋ ರಕ್ತನಾಳವೋ ಎಂದು ತಿಳಿಯಲು ವೈದ್ಯರು ಸೈಕಲ್ ತುಳಿಸಿ ನೋಡುವ ಪರೀಕ್ಷೆಯೂ ಇದೆ. ಇಂಥವರಿಗೆ "ನೆಟ್ಟಗೆ ಕೂರುವ ಸೈಕಲ್ ತಗೊಳ್ಳಿ" ಅನ್ನುವ ಸಲಹೆ ಉಲ್ಟಾ ಹೊಡೆಯಬಹುದು.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ವೈದ್ಯರನ್ನೋ ಫಿಸಿಯೋಥೆರಪಿಸ್ಟರನ್ನೋ ಕಂಡು ನೇರವಾಗಿ ಹೀಗೆ ಕೇಳಿ: "ನನಗೆ ಬಗ್ಗುವುದು ಆಗಿಬರುವುದಿಲ್ಲವೋ, ಹಿಂದಕ್ಕೆ ಬಾಗುವುದು ಆಗಿಬರುವುದಿಲ್ಲವೋ? ಎಷ್ಟು ಹೊತ್ತು ಒಂದೇ ಕಡೆ ಕೂರಬಹುದು?" ಸುಮ್ನೆ "ಸೈಕಲ್ ಹೊಡೆಯಬಹುದಾ?" ಅಂತ ಕೇಳಿದರೆ ಹೌದು ಅಥವಾ ಬೇಡ ಅನ್ನುವ ಉತ್ತರವಷ್ಟೇ ಸಿಗುತ್ತದೆ.

ಇನ್ನೊಂದು ಮಾತು, ಇದನ್ನು ಯಾರೂ ಹಗುರವಾಗಿ ತಗೊಳ್ಳಬೇಡಿ. ತೊಡೆಸಂದು ಮತ್ತು ಆಸನದ ಜಾಗ ಮರಗಟ್ಟಿದರೆ, ಮೂತ್ರ ಅಥವಾ ಮಲದ ಮೇಲೆ ಹಿಡಿತ ತಪ್ಪಿದರೆ, ಪಾದ ಎತ್ತಲು ಬಲವಿಲ್ಲದಂತಾದರೆ ಸೈಕಲ್ ವಿಚಾರ ಬದಿಗಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅದು ಕಾಯುವ ಕಾಯಿಲೆ ಅಲ್ಲ.

ನೆಟ್ಟಗೆ ಕೂತರೆ ಆರಾಮವೇ?

ನಮ್ಮ ಹಳೆಯ ಹೀರೋ, ಅಟ್ಲಾಸ್ ಸೈಕಲ್‌ಗಳ ಮೇಲೆ ಜನ ನೆಟ್ಟಗೆ ಕೂತು ಓಡಾಡಿದವರೇ. ಆ ಸೈಕಲ್‌ಗಳ ಸೀಟಿನ ಕೆಳಗೆ ದಪ್ಪ ಸ್ಪ್ರಿಂಗ್ ಇತ್ತು. ಅದಕ್ಕೆ ಒಂದು ಕಾರಣವಿದೆ. ನೆಟ್ಟಗೆ ಕೂತಾಗ ಮೈಭಾರ ಹೆಚ್ಚುಕಡಿಮೆ ಪೂರ್ತಿ ಸೀಟಿನ ಮೇಲೆ ಬೀಳುತ್ತದೆ. ಗುಂಡಿ ಬಂದರೆ ಆ ಏಟು ಸೀಟಿನಿಂದ ನೇರ ಬೆನ್ನಿನ ಮಣಿಗಳಿಗೆ ಏರುತ್ತದೆ. ಅದನ್ನು ನುಂಗಲು ಸ್ಪ್ರಿಂಗ್ ಬೇಕೇ ಬೇಕು. ಮಾರುಕಟ್ಟೆಗೆ ಹೋಗಿ ಬರುವಷ್ಟು ದೂರಕ್ಕೆ ಆ ಏರ್ಪಾಡು ಚೆನ್ನಾಗಿಯೇ ಇದೆ. ದಿನವಿಡೀ ಓಡಿಸುವುದಕ್ಕೆ ಅಲ್ಲ.

ಸ್ವಲ್ಪ ಮುಂದಕ್ಕೆ ಬಾಗಿದರೆ ಭಾರ ಮೂರು ಕಡೆ ಹಂಚಿಹೋಗುತ್ತದೆ: ಸೀಟು, ಪೆಡಲ್, ಕೈ. ಪೃಷ್ಠದ ಸ್ನಾಯುಗಳೂ ಚೆನ್ನಾಗಿ ಕೆಲಸ ಮಾಡುತ್ತವೆ. ಬಗ್ಗಿದರೆ ನೋವು ಬರುವವರಿಗೆ ಬೆನ್ನು ನೆಲಕ್ಕೆ 60 ಡಿಗ್ರಿ ಇರುವ ಅಥವಾ ಇನ್ನೂ ನೆಟ್ಟಗಿನ ಭಂಗಿಯಿಂದ ಶುರು ಮಾಡುವುದು ಒಳ್ಳೆಯದು. ಬಗ್ಗಿದರೆ ಹಾಯೆನಿಸುವವರು 45ರಿಂದ 50 ಡಿಗ್ರಿಯವರೆಗೆ ಇಳಿಯಬಹುದು.

ಆದರೆ ಎಲ್ಲಿಂದ ಬಾಗುತ್ತೀರಿ ಅನ್ನುವುದು ಕೋನಕ್ಕಿಂತ ದೊಡ್ಡ ವಿಷಯ. ಕುರ್ಚಿಯ ಅಂಚಿನಲ್ಲಿ ಕೂತು ನೋಡಿ. ಹೊಟ್ಟೆ ಒಳಗೆಳೆದು ಬೆನ್ನನ್ನು ಗೂನು ಮಾಡಿ ಬಾಗುವುದು ಒಂದು ಬಗೆ. ಬೆನ್ನು ಹಾಗೇ ಉದ್ದಕ್ಕಿಟ್ಟು ತೊಡೆ ಸೇರುವ ಕೀಲಿನಿಂದ ಸೊಂಟವನ್ನೇ ಮುಂದಕ್ಕೆ ವಾಲಿಸುವುದು ಇನ್ನೊಂದು ಬಗೆ. ಸೈಕಲ್ ಮೇಲೆ ಬೇಕಾದ್ದು ಎರಡನೆಯದು. ಹ್ಯಾಂಡಲ್ ದೂರವಿದ್ದರೆ, ಸೀಟಿನ ಮೂತಿ ಮೇಲಕ್ಕಿದ್ದರೆ, ತೊಡೆಯ ಹಿಂದಿನ ಸ್ನಾಯು ಬಿಗಿಯಾಗಿದ್ದರೆ ಸೊಂಟ ವಾಲುವುದಿಲ್ಲ, ಬೆನ್ನು ಗೂನಾಗುತ್ತದೆ. ಮೊದಲ ಎರಡನ್ನು ಸೈಕಲ್ಲಿನಲ್ಲಿ ಸರಿಮಾಡಬಹುದು. ಮೂರನೆಯದಕ್ಕೆ ಮನೆಯಲ್ಲಿ ವ್ಯಾಯಾಮವೇ ದಾರಿ.

ಎರಡನೇ ಹೆಜ್ಜೆ: ಮನೆಯಲ್ಲೇ ಮೈ ಅಳೆದುಕೊಳ್ಳಿ

ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಕಾಲುಗಳ ನಡುವೆ ಸೀಟಿನಂತೆ ಮೇಲಕ್ಕೆ ಒತ್ತಿ ಹಿಡಿಯಿರಿ. ಪುಸ್ತಕದ ಮೇಲಂಚಿನಿಂದ ನೆಲಕ್ಕೆ ಎಷ್ಟು ಸೆಂಟಿಮೀಟರ್ ಅಂತ ಇನ್ನೊಬ್ಬರಿಂದ ಅಳೆಸಿ. ಇದು ಒಳಗಾಲಿನ ಅಳತೆ. ಇದನ್ನು 0.883ರಿಂದ ಗುಣಿಸಿದರೆ ಪೆಡಲ್ ಅಚ್ಚಿನಿಂದ, ಅಂದರೆ ಎರಡೂ ಪೆಡಲ್ ತೋಳುಗಳು ತಿರುಗುವ ನಡುವಿನ ಅಚ್ಚಿನಿಂದ, ಸೀಟಿನ ಮೇಲ್ಮೈವರೆಗಿನ ಎತ್ತರ ಸುಮಾರಾಗಿ ಸಿಗುತ್ತದೆ. ಒಳಗಾಲು 78 ಸೆಂ.ಮೀ. ಇದ್ದರೆ ಸೀಟಿನ ಎತ್ತರ ಸುಮಾರು 69 ಸೆಂ.ಮೀ. ಬೆನ್ನು ನೋವಿದ್ದವರು ಇದಕ್ಕಿಂತ ಒಂದು ಸೆಂಟಿಮೀಟರ್ ಕೆಳಗಿನಿಂದ ಶುರು ಮಾಡುವುದು ಕ್ಷೇಮ. ಸೀಟು ಎತ್ತರವಾದರೆ ಪೆಡಲ್ ಮುಟ್ಟಲು ಪ್ರತಿ ಸಲ ಸೊಂಟ ಆ ಕಡೆ ಈ ಕಡೆ ಹೊಯ್ದಾಡುತ್ತದೆ. ಗಂಟೆಗೆ ಸಾವಿರಾರು ಸಲ ನಡೆಯುವ ಆ ಹೊಯ್ದಾಟವೇ ಎಷ್ಟೋ ಜನರ ಸೊಂಟ ನೋವಿನ ಮೂಲ.

ಇನ್ನು ಸೈಕಲ್ಲಿನ ಅಳತೆ. ಎಸ್, ಎಂ, ಎಲ್ ಅನ್ನುವ ಸೈಜುಗಳು ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ. ನೀವು ನೋಡಬೇಕಾದ್ದು ಎರಡು ಅಂಕಿ: ಸ್ಟ್ಯಾಕ್ ಮತ್ತು ರೀಚ್. ಹ್ಯಾಂಡಲ್ ಕೂರುವ ಕೊಳವೆಯ ತುದಿ ಪೆಡಲ್ ಅಚ್ಚಿಗಿಂತ ಎಷ್ಟು ಎತ್ತರದಲ್ಲಿದೆ ಅನ್ನುವುದು ಸ್ಟ್ಯಾಕ್. ಎಷ್ಟು ಮುಂದಿದೆ ಅನ್ನುವುದು ರೀಚ್. ಕಂಪನಿಯ ವೆಬ್‌ಸೈಟಿನಲ್ಲಿ ಜಿಯೋಮೆಟ್ರಿ ಪಟ್ಟಿಯೊಳಗೆ ಇವೆರಡೂ ಇರುತ್ತವೆ. ಸ್ಟ್ಯಾಕನ್ನು ರೀಚ್‌ನಿಂದ ಭಾಗಿಸಿ. ರೇಸಿಂಗ್ ಸೈಕಲ್ಲಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್ಲಿನ ಸೈಕಲ್‌ಗಳಲ್ಲಿ 1.4ರ ಆಸುಪಾಸು ಬಂದರೆ ಅದು ರೇಸಿಂಗ್ ಮನೋಭಾವದ್ದು. 1.5 ದಾಟಿದರೆ ದೂರದ ಸವಾರಿಗೆ ಹೊಂದುತ್ತದೆ. ಬೆನ್ನು ನೋವಿನವರು 1.55ರ ಸುತ್ತ ಹುಡುಕಲಿ. ಐದೂವರೆ ಅಡಿ ಎತ್ತರದವರಿಗೆ 570 ಮಿ.ಮೀ. ಅಥವಾ ಹೆಚ್ಚು ಸ್ಟ್ಯಾಕ್, 370ರ ಆಸುಪಾಸಿನ ರೀಚ್ ಇದ್ದರೆ ಅಲ್ಲಿಂದ ಮುಂದೆ ಹೊಂದಿಸಿಕೊಳ್ಳಬಹುದು.

ನೇರ ಹ್ಯಾಂಡಲ್ಲಿನ ಹೈಬ್ರಿಡ್ ಸೈಕಲ್‌ಗಳಿಗೆ ಈ ಲೆಕ್ಕ ಹಾಕಬೇಡಿ. ಅವುಗಳ ಫ್ರೇಮನ್ನೇ ಉದ್ದ ಮಾಡಿರುತ್ತಾರೆ, ಯಾಕೆಂದರೆ ಹ್ಯಾಂಡಲ್ ಮುಂದಕ್ಕೆ ಚಾಚಿರುವುದಿಲ್ಲ. ಹೈಬ್ರಿಡ್ಡನ್ನು ಹೈಬ್ರಿಡ್ ಜೊತೆಗೇ ಹೋಲಿಸಬೇಕು. ಇದೇ ಕಾರಣಕ್ಕೆ ಹೈಬ್ರಿಡ್ ಕೊಂಡು ಆಮೇಲೆ ಬಾಗಿದ ಹ್ಯಾಂಡಲ್ ಹಾಕಿಸುವ ಯೋಚನೆ ಬೇಡ. ಕೈ ಏಳೆಂಟು ಸೆಂಟಿಮೀಟರ್ ಮುಂದಕ್ಕೆ ಹೋಗುತ್ತದೆ, ಬ್ರೇಕ್ ಮತ್ತು ಗಿಯರ್ ಲಿವರ್‌ಗಳನ್ನೂ ಬದಲಿಸಬೇಕಾಗುತ್ತದೆ. ಬೆನ್ನಿಗೂ ನಷ್ಟ, ಜೇಬಿಗೂ ನಷ್ಟ.

ಮೂರನೇ ಹೆಜ್ಜೆ: ಯಾವ ಬಗೆಯ ಸೈಕಲ್?

ಮೊದಲ ಸಲ ಕೊಳ್ಳುವ ಹೆಚ್ಚಿನವರಿಗೆ ನನ್ನ ಸಲಹೆ ಹೈಬ್ರಿಡ್, ಅದೂ ಮುಂದೆ ಶಾಕ್ ಅಬ್ಸಾರ್ಬರ್ ಇಲ್ಲದ್ದು. ಬೆಲೆ ಕೈಗೆಟಕುತ್ತದೆ, ಹ್ಯಾಂಡಲ್ ಎತ್ತರವಿರುತ್ತದೆ, 35 ಮಿ.ಮೀ. ಮೇಲ್ಪಟ್ಟ ಟೈರು ಹಿಡಿಯುತ್ತದೆ, ಬಹುಪಾಲು ಸೈಕಲ್‌ಗಳಿಗೆ ಕ್ಯಾರಿಯರ್ ಕೂರಿಸುವ ತೂತುಗಳಿರುತ್ತವೆ. ಬಗ್ಗಲು ತೊಂದರೆಯಿಲ್ಲದವರು ಎತ್ತರದ ಸ್ಟ್ಯಾಕ್ ಇರುವ ಗ್ರಾವೆಲ್ ಬೈಕ್ (ಬಾಗಿದ ಹ್ಯಾಂಡಲ್, ಅಗಲ ಟೈರಿನ, ಕಚ್ಚಾ ರಸ್ತೆಗೂ ಆಗುವ ಸೈಕಲ್) ನೋಡಬಹುದು. ಟ್ರೆಕ್ 520, ಸರ್ಲಿ ಡಿಸ್ಕ್ ಟ್ರಕರ್‌ನಂಥವು ಟೂರಿಂಗಿಗೆಂದೇ ಮಾಡಿದ ಸ್ಟೀಲ್ ಸೈಕಲ್‌ಗಳು. ಹಿಂದಿನ ಚಕ್ರ ಸ್ವಲ್ಪ ದೂರವಿರುವುದರಿಂದ ಬ್ಯಾಗಿಗೆ ಹಿಮ್ಮಡಿ ತಾಗುವುದಿಲ್ಲ, ಭಾರ ಹೊತ್ತರೂ ನೇರ ಓಡುತ್ತವೆ. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಬಿಡಬೇಡಿ. ಶಾಕ್ ಇಲ್ಲದ ಹಳೆಯ 26 ಇಂಚಿನ ಸ್ಟೀಲ್ ಎಂಟಿಬಿ (ಮೌಂಟನ್ ಬೈಕ್) ಕೂಡ ಒಳ್ಳೆಯ ಟೂರಿಂಗ್ ಸೈಕಲ್ ಆಗುತ್ತದೆ.

ಸ್ಟೀಲೋ ಅಲ್ಯೂಮಿನಿಯಮ್ಮೋ ಅಂತ ಜನ ಬಹಳ ವಾದ ಮಾಡುತ್ತಾರೆ. ಬೆನ್ನಿನ ಮಟ್ಟಿಗೆ ಅದು ಸಣ್ಣ ವಿಷಯ. ಟೈರನ್ನು 28ರಿಂದ 40 ಮಿ.ಮೀ.ಗೆ ಏರಿಸಿದಾಗ ಕಾಣುವ ವ್ಯತ್ಯಾಸದ ಮುಂದೆ ಫ್ರೇಮಿನ ಲೋಹದ ವ್ಯತ್ಯಾಸ ಲೆಕ್ಕಕ್ಕಿಲ್ಲ.

ಫ್ರೇಮಿನ ಆಕಾರ ಮಾತ್ರ ಲೆಕ್ಕಕ್ಕೆ ಬರುತ್ತದೆ. ಹಿಂದೆ ಬ್ಯಾಗು ಕಟ್ಟಿದ ಮೇಲೆ ಕಾಲನ್ನು ಅದರ ಮೇಲಿಂದ ಬೀಸಿ ಹಾಕುವುದು ಬೆನ್ನು ನೋವಿದ್ದವರಿಗೆ ತುಂಬಾ ಕಷ್ಟ. ಸೊಂಟ ತಿರುಚಿಕೊಳ್ಳುವುದು ಆಗಲೇ. ನಮ್ಮಲ್ಲಿ ಲೇಡೀಸ್ ಸೈಕಲ್ ಅನ್ನುವ, ನಡುವಿನ ಬಾರ್ ಕೆಳಗಿಳಿದ ಫ್ರೇಮ್ ಇದಕ್ಕೆ ಒಳ್ಳೆಯ ಉತ್ತರ. ಗಂಡಸರು ಸಂಕೋಚಪಡುವ ಅಗತ್ಯವೇ ಇಲ್ಲ. ಯುರೋಪಿನಲ್ಲಿ ಟ್ರೆಕಿಂಗ್ ಸೈಕಲ್‌ಗಳು ಈ ಆಕಾರದಲ್ಲಿ ಬೇಕಾದಷ್ಟು ಇವೆ, ಗಂಡಸರೂ ಓಡಿಸುತ್ತಾರೆ. ಮಾಮೂಲಿ ಫ್ರೇಮ್ ಕೊಂಡವರು ಸೈಕಲ್ಲನ್ನು ತಮ್ಮ ಕಡೆಗೆ ಚೆನ್ನಾಗಿ ವಾಲಿಸಿ, ಬಾರ್ ಮೇಲಿಂದ ಕಾಲು ದಾಟಿಸಿ, ಆಮೇಲೆ ನೆಟ್ಟಗೆ ಮಾಡಿಕೊಳ್ಳಬೇಕು.

ಒರಗಿ ಕೂತು ಓಡಿಸುವ ರಿಕಂಬೆಂಟ್ ಸೈಕಲ್ ಬಗ್ಗೆಯೂ ಕೇಳುತ್ತಾರೆ. ಅದು ಹೊಸದೇನಲ್ಲ. 1933ರಲ್ಲಿ ಫ್ರಾನ್ಸಿನ ಫ್ರಾನ್ಸಿಸ್ ಫೋರ್ ಅಂಥ ಸೈಕಲ್ ಮೇಲೆ ಒಂದು ಗಂಟೆಯಲ್ಲಿ 45 ಕಿ.ಮೀ. ದಾಟಿ ದಾಖಲೆ ಮುರಿದರು. ಮರುವರ್ಷ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಆ ಮಾದರಿಯನ್ನು ಸ್ಪರ್ಧೆಗಳಿಂದ ಹೊರಗಿಟ್ಟಿತು. ಒಳ್ಳೆಯ ರಸ್ತೆಯಲ್ಲಿ ಅನೇಕ ಬೆನ್ನುಗಳಿಗೆ ಇದು ವರವೇ. ಆದರೆ ನಮ್ಮ ರಸ್ತೆಗಳಲ್ಲಿ ಎರಡು ಅಡ್ಡಿ ಇವೆ. ಲಾರಿ, ಬಸ್ಸಿನವರ ಕಣ್ಣಿಗೆ ಬೀಳದಷ್ಟು ತಗ್ಗಿನಲ್ಲಿರುತ್ತೀರಿ. ಹಂಪ್ ಬಂದಾಗ ಪೆಡಲ್ ಮೇಲೆ ಎದ್ದು ನಿಲ್ಲಲು ಆಗುವುದಿಲ್ಲ, ಏಟು ಪೂರ್ತಿ ಬೆನ್ನಿಗೆ. ಬೇರೆ ಯಾವ ಭಂಗಿಯೂ ಆಗದವರಿಗೆ ಮಾತ್ರ ನಾನು ಇದನ್ನು ಹೇಳುತ್ತೇನೆ.

ನಾಲ್ಕನೇ ಹೆಜ್ಜೆ: ಹ್ಯಾಂಡಲ್

ಹ್ಯಾಂಡಲ್ ಎತ್ತರ ಸೀಟಿನ ಮಟ್ಟಕ್ಕೆ ಅಥವಾ ಅದಕ್ಕಿಂತ ಎರಡರಿಂದ ಐದು ಸೆಂ.ಮೀ. ಮೇಲೆ ಇರಲಿ. ಅಂಗಡಿಯಲ್ಲಿ ನೋಡಬೇಕಾದ್ದು ಮುಂದಿನ ಕೊಳವೆಯ ಮೇಲೆ ಪೋಣಿಸಿದ ಸ್ಪೇಸರ್ ಬಳೆಗಳನ್ನು. ಹ್ಯಾಂಡಲ್ಲನ್ನು ಈ ಕೊಳವೆಗೆ ಸೇರಿಸುವ ತುಂಡಿಗೆ ಸ್ಟೆಮ್ ಅನ್ನುತ್ತಾರೆ; ಆ ಸ್ಟೆಮ್ಮಿನ ಕೆಳಗೆ ಎಷ್ಟಿವೆ, ಮೇಲೆ ಎಷ್ಟಿವೆ? ಮೇಲಿರುವಷ್ಟೂ ಎತ್ತರ ಇನ್ನೂ ನಿಮ್ಮ ಕೈಯಲ್ಲಿದೆ. ಒಂದು ಸೆಂಟಿಮೀಟರ್ ಏರಿಸಿದರೆ ಹ್ಯಾಂಡಲ್ ಮೂರು ಮಿಲಿಮೀಟರಿನಷ್ಟು ಹತ್ತಿರಕ್ಕೂ ಬರುತ್ತದೆ, ಕೊಳವೆ ಹಿಂದಕ್ಕೆ ವಾಲಿರುವುದರಿಂದ. ಕಂಪನಿ ಕೊಳವೆಯನ್ನು ಈಗಾಗಲೇ ಗಿಡ್ಡ ಕತ್ತರಿಸಿದ್ದರೆ ಉಳಿದ ದಾರಿ ಮೇಲ್ಮುಖದ ಸ್ಟೆಮ್ ಅಥವಾ ಎಕ್ಸ್‌ಟೆಂಡರ್.

ಶುರುವಿನಲ್ಲಿ ಕೋನ ಬದಲಿಸಬಹುದಾದ ಸ್ಟೆಮ್ ಒಂದನ್ನು ಹಾಕಿಸಿಕೊಳ್ಳಿ. ಅದು ಸ್ವಲ್ಪ ಭಾರ, ಅಷ್ಟು ಚಂದವೂ ಇಲ್ಲ. ಆದರೆ ಕೆಲವು ವಾರ ಬೇರೆಬೇರೆ ಎತ್ತರ ನೋಡಿ, ನಿಮ್ಮ ಬೆನ್ನು ಒಪ್ಪಿದ ಜಾಗ ಗೊತ್ತಾದ ಮೇಲೆ ಅದೇ ಅಳತೆಯ ಗಟ್ಟಿ ಸ್ಟೆಮ್ ಕೊಳ್ಳಬಹುದು. ಈಗಿನ ಸೈಕಲ್‌ಗಳಲ್ಲಿ ಹ್ಯಾಂಡಲ್ ಹಿಡಿಯುವ ಜಾಗ ಸಾಮಾನ್ಯವಾಗಿ 31.8 ಮಿ.ಮೀ. ಇರುತ್ತದೆ. ಕೊಳ್ಳುವ ಮುನ್ನ ಅಳೆದೇ ಹೋಗಿ.

ಭಂಗಿ ಬದಲಿಸುವ ವಿಷಯದಲ್ಲಿ ಬರೀ ನೇರ ಹ್ಯಾಂಡಲ್ ತುಂಬಾ ಬಡವ. ಕೈ ಇಡಲು ಒಂದೇ ಜಾಗ, ಬೆನ್ನಿಗೂ ಒಂದೇ ಕೋನ. ತುದಿಗೆ ಕೊಂಬಿನಂಥ ಬಾರ್ ಎಂಡ್ ಹಾಕಿಸಿದರೆ ಎರಡನೇ ಜಾಗ ಸಿಗುತ್ತದೆ. ನನಗೆ ಬಹಳ ಹಿಡಿಸುವುದು ಬಟರ್‌ಫ್ಲೈ ಹ್ಯಾಂಡಲ್. ಎಂಟರ ಆಕಾರಕ್ಕೆ ಬಳಸಿ ಬರುತ್ತದೆ, ಹತ್ತಿರ ಹಿಡಿದರೆ ಮೈ ನೆಟ್ಟಗೆ, ದೂರ ಹಿಡಿದರೆ ಬೆನ್ನು ಉದ್ದಕ್ಕೆ. ಹೈಬ್ರಿಡ್ಡಿನ ಬ್ರೇಕು, ಗಿಯರ್ ಲಿವರ್‌ಗಳೇ ಇದಕ್ಕೆ ಕೂರುತ್ತವೆ, ಹಾಗಾಗಿ ಖರ್ಚೂ ಕಡಿಮೆ. ಬಾಗಿದ ಹ್ಯಾಂಡಲ್ ಇಷ್ಟಪಡುವವರು ಮುಂಚಾಚು 80 ಮಿ.ಮೀ. ಮೀರದ, ಆಳ ಕಡಿಮೆ ಇರುವುದನ್ನು ಆರಿಸಲಿ.

ಐದನೇ ಹೆಜ್ಜೆ: ಸೀಟು

ದಪ್ಪ ಜೆಲ್ ಸೀಟಿನ ತೊಂದರೆ ಏನೆಂದರೆ ಅದರಲ್ಲಿ ಮೂಳೆ ಹುದುಗಿಹೋಗುತ್ತದೆ, ಸೊಂಟಕ್ಕೆ ನೆಲೆ ಸಿಗುವುದಿಲ್ಲ. ಕಾಲು ತುಳಿದಂತೆಲ್ಲ ಅದು ಅಲುಗಾಡುತ್ತದೆ, ಅದನ್ನು ಹಿಡಿದು ನಿಲ್ಲಿಸುವ ಕೆಲಸ ಬೆನ್ನಿನ ಸಣ್ಣ ಸ್ನಾಯುಗಳಿಗೆ ಬೀಳುತ್ತದೆ. ಸೀಟು ಸ್ವಲ್ಪ ಗಟ್ಟಿಯಾಗಿರಲಿ, ಅಗಲ ಸರಿಯಾಗಿರಲಿ.

ಅಗಲ ತಿಳಿಯಲು ಗಟ್ಟಿ ಸ್ಟೂಲಿನ ಮೇಲೆ ಪಾರ್ಸೆಲ್ ಡಬ್ಬದ ರಟ್ಟಿನ ತುಂಡಿಟ್ಟು ತೆಳು ಬಟ್ಟೆಯಲ್ಲಿ ಕೂತು, ಮಂಡಿ ಸ್ವಲ್ಪ ಎತ್ತಿ ಭಾರ ಬಿಡಿ. ಎದ್ದಾಗ ರಟ್ಟಿನಲ್ಲಿ ಎರಡು ತಗ್ಗು ಕಾಣುತ್ತವೆ. ಅವುಗಳ ನಡುವಿಂದ ನಡುವಿಗೆ ಅಳೆದು ಎರಡರಿಂದ ಮೂರು ಸೆಂ.ಮೀ. ಸೇರಿಸಿ. ನೆಟ್ಟಗೆ ಕೂರುವವರು ಇನ್ನೂ ಸ್ವಲ್ಪ ಸೇರಿಸಬೇಕು. ಬ್ರೂಕ್ಸ್ ಬಿ17ನಂಥ ತೊಗಲಿನ ಸೀಟನ್ನು ಟೂರಿಂಗ್ ಮಾಡುವವರು ಜಗತ್ತಿನೆಲ್ಲೆಡೆ ಇಷ್ಟಪಡುತ್ತಾರೆ, ಮೈಗೆ ಹೊಂದಿಕೊಳ್ಳುತ್ತಾ ಹೋಗುತ್ತದೆ ಅಂತ. ಆದರೆ ಮಲೆನಾಡಿನ ಮಳೆಗೆ ತೊಗಲು ಹೆದರುತ್ತದೆ. ಅಲ್ಲಿ ಓಡಾಡುವವರಿಗೆ ಅದೇ ಕಂಪನಿಯ ರಬ್ಬರಿನ ಕೇಂಬಿಯಂ ಸೀಟು ಲೇಸು.

ಸೀಟಿನ ವಾಲಿಕೆ ಬಗ್ಗೆ ಒಂದು ಅಧ್ಯಯನ ನೆನಪಿಡುವಂಥದ್ದು. 1999ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ಬಂದದ್ದು, ಇಸ್ರೇಲಿನ ವೈದ್ಯರದು. ಸೊಂಟ ನೋವಿದ್ದ ಹವ್ಯಾಸಿ ಸವಾರರ ಸೀಟಿನ ಮೂತಿಯನ್ನು 10ರಿಂದ 15 ಡಿಗ್ರಿ ಕೆಳಕ್ಕೆ ವಾಲಿಸಿದಾಗ ಬಹುಪಾಲು ಜನರಿಗೆ ಒಳ್ಳೆಯ ಗುಣ ಕಂಡಿತು. ಮೂತಿ ಕೆಳಗಾದರೆ ಸೊಂಟ ಮುಂದಕ್ಕೆ ವಾಲುವುದು ಸುಲಭ, ಬೆನ್ನು ಗೂನಾಗುವುದು ಕಡಿಮೆ. ಆದರೂ ದೂರದ ಸವಾರಿಯಲ್ಲಿ ಅಷ್ಟು ವಾಲಿಸಿದರೆ ಮೈ ಮುಂದಕ್ಕೆ ಜಾರುತ್ತದೆ, ಅಂಗೈ ಮರಗಟ್ಟುತ್ತದೆ. ಎರಡು ಮೂರು ಡಿಗ್ರಿಯಿಂದ ಶುರು ಮಾಡಿ. ಮೊಬೈಲಿನ ಲೆವೆಲ್ ಆ್ಯಪ್ ಸೀಟಿನ ಮೇಲಿಟ್ಟು ಅಳೆಯಬಹುದು. ಇಷ್ಟಕ್ಕೇ ಎಷ್ಟೋ ಜನರಿಗೆ ವ್ಯತ್ಯಾಸ ಗೊತ್ತಾಗುತ್ತದೆ, ಒಂದು ಅಲೆನ್ ಕೀ ಬಿಟ್ಟರೆ ಬೇರೆ ಖರ್ಚಿಲ್ಲ.

ಆರನೇ ಹೆಜ್ಜೆ: ಏಟು ಎಲ್ಲಿಂದ ಬರುತ್ತದೆ ನೋಡಿ

ಮುಂದಿನ ಶಾಕ್ ಅಬ್ಸಾರ್ಬರ್ ಕಾಯುವುದು ಕೈಗಳನ್ನು. ಬೆನ್ನಿಗೆ ಏಟು ಬರುವುದು ಹಿಂದಿನ ಚಕ್ರದಿಂದ, ಸೀಟಿನ ಮೂಲಕ. ಕಡಿಮೆ ಬೆಲೆಯ ಶಾಕ್ ಫೋರ್ಕ್ ತೂಕವನ್ನಷ್ಟೇ ಹೆಚ್ಚಿಸುತ್ತದೆ. ಆ ದುಡ್ಡನ್ನು ಟೈರಿಗೆ ಹಾಕಿ.

38ರಿಂದ 45 ಮಿ.ಮೀ. ಅಗಲದ ಟೈರು ಹಿಡಿಸುವ ಫ್ರೇಮ್ ಆರಿಸಿ. ಗಾಳಿಯನ್ನು ಟೈರಿನ ಮೇಲೆ ಬರೆದ ಗರಿಷ್ಠದವರೆಗೆ ತುಂಬಿಸಬೇಡಿ. ಪಂಕ್ಚರ್ ಅಂಗಡಿಯವರು ಕೈಗೆ ಕಲ್ಲಿನಂತೆ ಸಿಗುವವರೆಗೆ ತುಂಬುತ್ತಾರೆ. 75 ಕೆ.ಜಿ. ತೂಕದವರು ಹತ್ತು ಹನ್ನೆರಡು ಕೆ.ಜಿ. ಸಾಮಾನಿನೊಂದಿಗೆ 40 ಮಿ.ಮೀ. ಟೈರಿಗೆ ಮುಂದೆ 45, ಹಿಂದೆ 55 ಪಿಎಸ್‌ಐಯಿಂದ ಶುರು ಮಾಡಿ ಸ್ವಲ್ಪ ಸ್ವಲ್ಪ ಇಳಿಸಿ ನೋಡಬಹುದು. ಹಂಪ್ ಹಾರಿದಾಗ ರಿಮ್ ನೆಲಕ್ಕೆ ಬಡಿದರೆ ಕಡಿಮೆಯಾಯಿತು ಅಂತ ಅರ್ಥ. ಗೇಜ್ ಇರುವ ಪಂಪ್ ಒಂದು ಮನೆಯಲ್ಲಿರಲಿ.

ಇದೂ ಸಾಲದಿದ್ದರೆ ಶಾಕ್ ಇರುವ ಸೀಟ್ ಪೋಸ್ಟ್, ಅಂದರೆ ಸೀಟನ್ನು ಹೊರುವ ಕೊಳವೆ. ಇದು ನೇರ ಬೆನ್ನಿನ ಕೆಳಗೇ ಕೆಲಸ ಮಾಡುತ್ತದೆ. ಕೊಳವೆಯೊಳಗೆ ಸ್ಪ್ರಿಂಗ್ ಇರುವ ಅಗ್ಗದ ಮಾದರಿಗಿಂತ ಕೇನ್ ಕ್ರೀಕ್ ಥಡ್‌ಬಸ್ಟರ್, ರೆಡ್‌ಶಿಫ್ಟ್ ಶಾಕ್‌ಸ್ಟಾಪ್‌ನಂಥ ತೋಳುಗಳಿರುವ ಮಾದರಿ ಬಹಳ ಮೇಲು. ಬೆಲೆ ಜಾಸ್ತಿ, ಹೌದು. ಕೊಳ್ಳುವ ಮೊದಲು ನಿಮ್ಮ ಸೀಟ್ ಪೋಸ್ಟಿನ ದಪ್ಪ ನೋಡಿಕೊಳ್ಳಿ, 27.2, 30.9, 31.6 ಮಿ.ಮೀ. ಸಾಮಾನ್ಯ ಅಳತೆಗಳು. ಕೂತಾಗ ಅದು ಸ್ವಲ್ಪ ಕುಸಿಯುವುದರಿಂದ ಸೀಟನ್ನು ಅಷ್ಟು ಎತ್ತರಿಸಿ ಹಾಕಿಸಬೇಕು.

ಏಳನೇ ಹೆಜ್ಜೆ: ಗಿಯರ್, ಎಲ್ಲರೂ ಮರೆಯುವ ಬೆನ್ನಿನ ಮದ್ದು

ಸೊಂಟ ನೋವಿಗೂ ಗಿಯರಿಗೂ ಏನು ಸಂಬಂಧ ಅಂತ ಅನ್ನಿಸಬಹುದು. ಭಾರದ ಗಿಯರಿನಲ್ಲಿ ಘಾಟಿ ಹತ್ತುವಾಗ ನಿಮ್ಮನ್ನು ಗಮನಿಸಿ. ಹ್ಯಾಂಡಲ್ ಜಗ್ಗುತ್ತೀರಿ, ಮೈ ಅತ್ತಿತ್ತ ತೂಗುತ್ತದೆ, ಪ್ರತಿ ತುಳಿತಕ್ಕೂ ಸೊಂಟದ ಕೆಳಭಾಗ ಬಿಗಿಯುತ್ತದೆ. ಕಾಲು ಸೋತ ಮೇಲೆ ಉಳಿದ ಕೆಲಸವನ್ನು ಬೆನ್ನು ಮಾಡುತ್ತಿರುತ್ತದೆ.

ಲೆಕ್ಕ ಹೀಗಿದೆ. ಸೋಮೇಶ್ವರದಿಂದ ಆಗುಂಬೆ ಘಾಟಿಯನ್ನು ಸಾಮಾನಿನೊಂದಿಗೆ ಗಂಟೆಗೆ 7 ಕಿ.ಮೀ. ವೇಗದಲ್ಲಿ ಹತ್ತುತ್ತಿದ್ದೀರಿ ಅಂದುಕೊಳ್ಳಿ. ಮುಂದೆ 34 ಹಲ್ಲು, ಹಿಂದೆ 28 ಹಲ್ಲಿನ ರೋಡ್ ಬೈಕ್ ಆದರೆ ನಿಮಿಷಕ್ಕೆ ಬರೀ 44 ಸುತ್ತು, ಪ್ರತಿ ಸುತ್ತೂ ಒದ್ದಾಟ. ಮುಂದೆ 26, ಹಿಂದೆ 34 ಇದ್ದರೆ ಅದೇ ವೇಗಕ್ಕೆ 70 ಸುತ್ತು. ಕಾಲು ಹಗುರವಾಗಿ ತಿರುಗುತ್ತದೆ, ಬೆನ್ನು ಸುಮ್ಮನಿರುತ್ತದೆ. ಹಾಗಾಗಿ ಮುಂದಿನ ಅತಿ ಸಣ್ಣ ಹಲ್ಲುಚಕ್ರಕ್ಕಿಂತ ಹಿಂದಿನ ಅತಿ ದೊಡ್ಡ ಹಲ್ಲುಚಕ್ರದಲ್ಲಿ ಹಲ್ಲುಗಳು ಜಾಸ್ತಿ ಇರುವ ಸೈಕಲ್ಲೇ ಬೇಕು. ಮುಂದೆ ಮೂರು ಹಲ್ಲುಚಕ್ರಗಳಿರುವ ಹೈಬ್ರಿಡ್‌ಗಳು ಹಳೆಯ ಫ್ಯಾಷನ್ ಅನ್ನಿಸಿದರೂ ಈ ಕೆಲಸಕ್ಕೆ ಚೆನ್ನ. ಸಪಾಟು ರಸ್ತೆಯಲ್ಲಿ ನಿಮಿಷಕ್ಕೆ 80ರ ಸುಮಾರು ಸುತ್ತುವುದನ್ನು ರೂಢಿಸಿಕೊಳ್ಳಿ.

ಪೆಡಲಿನ ತೋಳು 175 ಮಿ.ಮೀ. ಇದ್ದರೆ, ಗಿಡ್ಡಗಿರುವವರು 165 ಅಥವಾ 170ಕ್ಕೆ ಬದಲಿಸುವುದನ್ನು ಯೋಚಿಸಬಹುದು. ಮಂಡಿ ಅಷ್ಟು ಮೇಲಕ್ಕೆ ಬರುವುದಿಲ್ಲ, ಸೊಂಟ ಅಷ್ಟು ಮಡಚುವುದಿಲ್ಲ.

ಬ್ಯಾಟರಿ ಸೈಕಲ್ ಏರಿನಲ್ಲಿ ಬೆನ್ನಿನ ಹೊರೆ ಇಳಿಸುತ್ತದೆ ನಿಜ. ಆದರೆ ತೂಕ ಸಾಮಾನ್ಯವಾಗಿ 20 ಕೆ.ಜಿ. ದಾಟುತ್ತದೆ, ಲಾಡ್ಜಿನ ಮೆಟ್ಟಿಲು ಹತ್ತಿಸುವಾಗ ಆ ಲಾಭ ಹೋಗುತ್ತದೆ.

ಎಂಟನೇ ಹೆಜ್ಜೆ: ಓಡಿಸಿ ನೋಡುವುದು

ಐದು ನಿಮಿಷದ ಸವಾರಿ ಬೆನ್ನಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಕಡಿಮೆ ಅಂದರೂ ಮುಕ್ಕಾಲು ಗಂಟೆ ಬೇಕು. ಅಂಗಡಿಯವರು ಒಪ್ಪದಿದ್ದರೆ ಅದೇ ಮಾದರಿಯನ್ನು ಬಾಡಿಗೆಗೆ ತಗೊಳ್ಳಿ, ಅಥವಾ ಊರಿನ ಸೈಕ್ಲಿಂಗ್ ಗುಂಪಿನಲ್ಲಿ ಯಾರ ಬಳಿಯಾದರೂ ಇದೆಯೇ ಕೇಳಿ. ಸೈಕ್ಲಿಂಗ್ ಮಾಡುವವರು ಇಂಥದ್ದಕ್ಕೆ ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ.

ಓಡಿಸುವಾಗ ಹಂಪ್ ಒಂದನ್ನು ಕೂತೇ ದಾಟಿ, ಆಮೇಲೆ ಎದ್ದು ದಾಟಿ. ಸಣ್ಣ ಏರು ಹತ್ತಿ. ಹಿಂದೆ ಬರುವ ಗಾಡಿ ನೋಡಲು ತಲೆ ತಿರುಗಿಸಿ, ಸೊಂಟ ತಿರುಚದೆ ಆಗುತ್ತದೆಯೇ? ಒಂದು ನಿಮಿಷ ಕೈಗಳನ್ನು ಹ್ಯಾಂಡಲ್ ಮೇಲೆ ಹಗುರವಾಗಿ ಇಟ್ಟು ನೋಡಿ, ಮೈ ಮುಂದಕ್ಕೆ ಬೀಳುವಂತಾದರೆ ಹ್ಯಾಂಡಲ್ ದೂರವಿದೆ ಅಥವಾ ಸೀಟು ಜಾಸ್ತಿ ವಾಲಿದೆ.

ಆಮೇಲೆ ಮೂರು ಹೊತ್ತು ನೋವನ್ನು ಬರೆದಿಡಿ: ಇಳಿದ ಕೂಡಲೇ, ಆ ಸಂಜೆ, ಮರುದಿನ ಬೆಳಿಗ್ಗೆ. ನಾನು ಹೆಚ್ಚು ನಂಬುವುದು ಮರುದಿನದ್ದನ್ನು. ಹಾಸಿಗೆಯಿಂದ ಏಳುವಾಗ ಬೆನ್ನು ಎಂದಿಗಿಂತ ಬಿಗಿಯಾಗಿದ್ದರೆ ಆ ಅಳತೆ ಸರಿಯಿಲ್ಲ. ನೋವು ಸೊಂಟದಿಂದ ಇಳಿದು ಕಾಲಿಗೆ ಹರಡಿದರೆ ಸವಾರಿ ನಿಲ್ಲಿಸಿ ಫಿಸಿಯೋ ಬಳಿ ಹೋಗಿ.

ಕೊಂಡ ಮೇಲೆ ಸರಿಪಡಿಸುವಾಗ ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲು ಸೀಟಿನ ಎತ್ತರ, ಆಮೇಲೆ ಹಿಂದುಮುಂದು, ಆಮೇಲೆ ವಾಲಿಕೆ, ಕೊನೆಗೆ ಹ್ಯಾಂಡಲ್. ಐದು ಮಿಲಿಮೀಟರ್ ಕೂಡ ದೊಡ್ಡ ಬದಲಾವಣೆಯೇ. ಪ್ರತಿ ಅಳತೆಯನ್ನೂ ಡೈರಿಯಲ್ಲಿ ಬರೆದು, ಸೀಟ್ ಪೋಸ್ಟಿಗೆ ಟೇಪ್ ಸುತ್ತಿ ಗುರುತು ಮಾಡಿ. ಬೆಂಗಳೂರಿನಂಥ ಊರಲ್ಲಿ ಬೈಕ್ ಫಿಟ್ ಮಾಡುವವರು, ಅಂದರೆ ಸೈಕಲ್ಲನ್ನು ಮೈಗೆ ತಕ್ಕಂತೆ ಹೊಂದಿಸಿಕೊಡುವವರು ಇದ್ದಾರೆ. ಒಂದು ಕಾಲು ಗಿಡ್ಡವಿರುವವರು, ಆಪರೇಷನ್ ಆದವರು ಅವರ ಬಳಿ ಹೋಗುವುದು ದುಡ್ಡು ದಂಡವಲ್ಲ.

ಒಂಬತ್ತನೇ ಹೆಜ್ಜೆ: ಸಾಮಾನು ಮತ್ತು ಮೊದಲ ಪ್ರವಾಸ

ಬೆನ್ನಿಗೆ ಬ್ಯಾಗು ಹಾಕಲೇಬೇಡಿ, ನೀರಿನ ಚಿಕ್ಕ ಬ್ಯಾಗೂ ಬೇಡ. ಕ್ಯಾರಿಯರ್‌ನ ಎರಡೂ ಪಕ್ಕ ತಗ್ಗಿನಲ್ಲಿ ತೂಗುವ ಪ್ಯಾನಿಯರ್ ಬ್ಯಾಗುಗಳಲ್ಲಿ ಭಾರ ಸಮವಾಗಿರಲಿ. ಎರಡು ಕಾಲಿನ ಸ್ಟ್ಯಾಂಡ್ ಹಾಕಿಸಿದರೆ ಸೈಕಲ್ ನೆಟ್ಟಗೆ ನಿಲ್ಲುತ್ತದೆ. ಒಂದು ಕೈಯಲ್ಲಿ ಅದನ್ನು ಹಿಡಿದು ಇನ್ನೊಂದು ಕೈಯಲ್ಲಿ ಬ್ಯಾಗು ಸಿಕ್ಕಿಸಲು ತಿರುಚಿಕೊಳ್ಳುವುದು ತಪ್ಪುತ್ತದೆ.

ನಮ್ಮ ಸೈಕಲ್ ಸವಾರರು ಬಿಸಿಲಿಗೆ ಹೆದರಿ ಬೆಳಗಿನ ಐದಕ್ಕೇ ಹೊರಡುತ್ತಾರೆ. ಡಿಸ್ಕ್ ತೊಂದರೆ ಇರುವವರು ಹಾಸಿಗೆಯಿಂದ ಎದ್ದು ನೇರ ಸೀಟಿನ ಮೇಲೆ ಕೂರಬಾರದು. ರಾತ್ರಿಯಿಡೀ ಮಲಗಿದ್ದಾಗ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ. ಎದ್ದ ಮೊದಲ ಒಂದು ಗಂಟೆ ಬಗ್ಗಿದರೆ ಅವುಗಳ ಮೇಲೆ ಒತ್ತಡ ಜಾಸ್ತಿ. ನಾಲ್ಕಕ್ಕೆ ಎದ್ದು ಓಡಾಡಿ, ಸಾಮಾನು ಜೋಡಿಸಿ, ಕಾಫಿ ಕುಡಿದು ಹೊರಡಿ.

ಮೊದಲ ಪ್ರವಾಸಕ್ಕೆ ಘಾಟಿ ಬೇಡ. ಮೈಸೂರಿನಿಂದ ಶ್ರೀರಂಗಪಟ್ಟಣ, ಇಲ್ಲವೇ ಸುಮಾರು 25 ಕಿ.ಮೀ. ದೂರದ ನಂಜನಗೂಡಿಗೆ ಹೋಗಿ ಉಳಿದು ಮರುದಿನ ಬನ್ನಿ. ಆಮೇಲೆ ದಿನಕ್ಕೆ 40, 50 ಮಾಡಿ. 13 ಗಂಟೆ 30 ನಿಮಿಷದಲ್ಲಿ 200 ಕಿ.ಮೀ. ಮುಗಿಸುವ ಬ್ರೆವೆ ಎಂಬ ದೂರದ ಸವಾರಿಗಳನ್ನು ಗೆಳೆಯರು ಮಾಡುತ್ತಾರೆ ಅಂತ ನೀವೂ ಅವಸರ ಮಾಡಬೇಡಿ. ಮುಕ್ಕಾಲು ಗಂಟೆಗೊಮ್ಮೆ ಇಳಿಯಿರಿ, ನೋವಿಲ್ಲದಿದ್ದರೂ. ಬಗ್ಗಿದರೆ ನೋವು ಬರುವವರು ಸೊಂಟಕ್ಕೆ ಕೈ ಕೊಟ್ಟು ನಿಧಾನ ಹಿಂದಕ್ಕೆ ಬಾಗಲಿ. ಸ್ಟೆನೋಸಿಸ್ ಇರುವವರು ಹಾಗೆ ಮಾಡದೆ ಕಟ್ಟೆ ಮೇಲೆ ಕೂತು ಮುಂದಕ್ಕೆ ಬಾಗಲಿ.

ಪ್ರವಾಸದಲ್ಲಿ ಬೆನ್ನು ಹಿಡಿದುಕೊಳ್ಳುವುದು ಬಹಳ ಸಲ ಓಡಿಸುವಾಗಲ್ಲ, ಎತ್ತುವಾಗ. ಸಾಮಾನು ಸಮೇತ ಸೈಕಲ್ ಮೂವತ್ತು ಕೆ.ಜಿ. ಆಗಬಹುದು. ಲಾಡ್ಜ್ ಬುಕ್ ಮಾಡುವಾಗಲೇ ಕೆಳಗಿನ ಮಹಡಿಯ ರೂಮು ಕೇಳಿ, ಸೈಕಲ್ ಇಡಲು ಕೆಳಗೆ ಜಾಗವಿದೆಯೇ ಅಂತಲೂ ಕೇಳಿ. ರೈಲಿಗೆ ಪಾರ್ಸೆಲ್ ಹಾಕುವಾಗ, ಬಸ್ಸಿನ ಟಾಪ್ ಮೇಲೆ ಏರಿಸುವಾಗ ಮೊದಲು ಎಲ್ಲ ಬ್ಯಾಗು, ನೀರಿನ ಬಾಟಲಿ, ಪಂಪು ತೆಗೆದುಬಿಡಿ. ಸೈಕಲ್ಲನ್ನು ಕೆಳಗಿಂದ ಎತ್ತಿಕೊಡುವ ಕೆಲಸ ಕೂಲಿಯವರಿಗೋ ಜೊತೆಗಿರುವವರಿಗೋ ಬಿಡಿ, "ಅಣ್ಣಾ, ಬೆನ್ನು ನೋವಿದೆ, ಸ್ವಲ್ಪ ಕೈ ಹಾಕ್ತೀರಾ?" ಅಂದರೆ ಯಾವ ಬಸ್ ಸ್ಟ್ಯಾಂಡಿನಲ್ಲೂ ಯಾರಾದರೂ ಬರುತ್ತಾರೆ. ನೀವು ಬ್ಯಾಗುಗಳನ್ನು ಒಂದೊಂದಾಗಿ, ಮಂಡಿ ಮಡಚಿ, ಮೈಗೆ ಒತ್ತಿ ಹಿಡಿದು ಎತ್ತಿಕೊಳ್ಳಿ.